ಬೆಂಕಿಯ ಫ್ರಿಜ್ಜೂ ಬೇಕಲದ ಮೊಸರೂ

"ಗ್ಯಾಸ್ ಹೊತ್ತಿಸಿದರೆ ಬಿಸಿ ಆಗುವುದು ಗೊತ್ತುಂಟು. ತಂಪು ಆಗುವುದು ಹೇಗೆ ಮಗಾ?"

ಅಮ್ಮನ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾವನ ಹತ್ತಿರ ಇತ್ತು. ಆದರೆ ಅವರು ಆಗ ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿ ಅದರ ತಳಕ್ಕೆ ತೂತು ಕೊರೆಯುತ್ತಿದ್ದರು. ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಬಂದು ಕೂರುತ್ತದೆ, ಹೊರಗೆ ಹೋಗಲು ದಾರಿ ಬೇಕು. ಹೊಸ ಪೈಂಟ್ ಹೊಡೆಸಿದ ವ್ಯಾನಿಗೆ ತೂತು ಕೊರೆಯುವುದನ್ನು ನೋಡಲಾರದೆ ಅಕ್ಕ ಒಳಗೆ ಹೋದಳು.

ಭಾವ 18 ವರ್ಷ ದುಬೈಯಲ್ಲಿದ್ದು ನಮ್ಮ ಕಾಸರಗೋಡಿನ ಪೆರ್ಲಕ್ಕೆ ಮರಳಿದವರು. ಉಳಿದವರು ಅಲ್ಲಿಂದ ಚಿನ್ನ ತರುತ್ತಾರೆ. ಭಾವ ತಂದದ್ದು ಒಂದು ಫ್ರಿಜ್ಜು. ಮರಳುಗಾಡಿನಲ್ಲಿ ಟೆಂಟ್ ಹಾಕುವವರು ಬಳಸಿ ಬಿಟ್ಟ ಮಾಲು. ಬ್ಯಾಟರಿ, ಮನೆಯ ಕರೆಂಟು, ಗ್ಯಾಸು, ಮೂರರಲ್ಲೂ ಓಡುತ್ತದೆ ಎಂದು ಅದರ ಹಣೆಯಲ್ಲೇ ಬರೆದಿತ್ತು. ಮೂರು ಮನೆಗೆ ಕರೆಸಿಕೊಂಡ ನೆಂಟ ಎಲ್ಲಿಯೂ ಉಣ್ಣದೆ ಹೋದ ಹಾಗೆ ಆಗದಿದ್ದರೆ ಸಾಕು ಅಂತ ನಾನು ಆಗಲೇ ಅಂದುಕೊಂಡಿದ್ದೆ. ಭಾವನ ಮನೆಗೆ ವ್ಯಾನು ಇಳಿಯುವ ದಾರಿ ಇಲ್ಲ. ಹಾಗಾಗಿ ವ್ಯಾನು, ಫ್ರಿಜ್ಜು, ಭಾವ ಮೂವರೂ ನಮ್ಮ ಅಂಗಳಕ್ಕೆ ಬಂದರು.

ಅದನ್ನು ಹೊತ್ತಿಸುವುದೇ ಒಂದು ವ್ರತ. ಒಂದು ಕೈಯಲ್ಲಿ ನಾಬ್ ಒತ್ತಿ ಹಿಡಿಯಬೇಕು. ಇನ್ನೊಂದು ಕೈಯಲ್ಲಿ ಕಿಡಿಯ ಬಟನು, ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್ ಟಿಕ್. ಬೆಂಕಿ ಹೊತ್ತಿತಾ ಇಲ್ಲವಾ ಎಂದು ನೋಡುವ ಕಿಂಡಿ ಎಷ್ಟು ಕೆಳಗೆ ಇದೆ ಎಂದರೆ, ಕೆನ್ನೆ ನೆಲಕ್ಕೆ ತಾಗಿಸಬೇಕು. ಹೊತ್ತಿದ ಮೇಲೂ ಅರ್ಧ ನಿಮಿಷ ನಾಬ್ ಬಿಡುವಂತಿಲ್ಲ. ಜ್ವಾಲೆಯ ನಡುವೆ ಒಂದು ಸಣ್ಣ ಲೋಹದ ಕಡ್ಡಿ ಉಂಟು. ಅದು ಕಾದಿದ್ದರೆ ಮಾತ್ರ ಗ್ಯಾಸಿನ ಬಾಗಿಲು ತೆರೆದಿರುತ್ತದೆ. ಬೆಂಕಿ ಆರಿದರೆ ಕಡ್ಡಿ ತಣಿದು ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಒಳ್ಳೆಯ ಏರ್ಪಾಡು, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಸರಿಯಾಗಿ ಇಪ್ಪತ್ತನೇ ಸೆಕೆಂಡಿಗೆ ಸೀನು ಬರುತ್ತದೆ.

ಮೊದಲ ದಿನ ಜ್ವಾಲೆ ಹಳದಿಯಾಗಿತ್ತು. ನೀಲಿ ಇರಬೇಕಿತ್ತು. ಬಿಚ್ಚಿ ನೋಡಿದರೆ ಬರ್ನರಿನ ಕೊಳವೆಯಲ್ಲಿ ಕುಂಬಾರ ಹುಳ ಮನೆ ಕಟ್ಟಿದೆ! ಬೆರಳ ತುದಿಯಷ್ಟು ಮಣ್ಣಿನ ಗುಡಾಣ. ಒಡೆದರೆ ಒಳಗೆ ಹಸಿರು ಹುಳುಗಳು, ಮರಿಗಳ ಊಟಕ್ಕೆಂದು ಒತ್ತಿ ಒತ್ತಿ ತುಂಬಿಸಿದ್ದು. ಆ ಫ್ರಿಜ್ಜಿನಲ್ಲಿ ಮೊದಲು ಆಹಾರ ದಾಸ್ತಾನು ಮಾಡಿದ್ದು ನಾವಲ್ಲ.

ಆಮೇಲೆ ಭಾವನಿಗೆ ಇನ್ನೊಂದು ಚಿಂತೆ ಹತ್ತಿತು. ಜೊತೆಗೆ ಬಂದ ಪುಸ್ತಕದಲ್ಲಿ ಪ್ರೊಪೇನ್ ಎಂದಿದೆ. ನಮ್ಮ ಸಿಲಿಂಡರಿನಲ್ಲಿ ಬ್ಯೂಟೇನೂ ಬೆರೆತಿದೆ. ಸೊನ್ನೆ ಡಿಗ್ರಿ ಚಳಿಯಲ್ಲಿ ಬ್ಯೂಟೇನ್ ಆವಿಯಾಗದೆ ಸಿಲಿಂಡರಿನಲ್ಲೇ ಕೂತುಬಿಡುತ್ತದೆ. ಪ್ರೊಪೇನ್ ಆದರೆ ಮೈನಸ್ 42ರ ತನಕ ಏಳುತ್ತದೆ.

"ಭಾವ, ಸೊನ್ನೆ ಡಿಗ್ರಿ ಫ್ರಿಜ್ಜಿನ ಒಳಗೇ ಬರುತ್ತಾ ಇಲ್ಲ. ಪೆರ್ಲದ ಅಂಗಳಕ್ಕೆ ಎಲ್ಲಿಂದ ಬರುವುದು?" ಎಂದೆ. ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೇ ದಿನ ಬೇಕಲಕ್ಕೆ ಹೊರಟೆವು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ. ನಮ್ಮ ದಂಡಿನಲ್ಲಿ ಮೂರು ಲೀಟರ್ ಮೊಸರು, ಒಂದು ಡಬ್ಬಿ ಮಾವಿನ ಹಣ್ಣಿನ ರಸಾಯನ, ಮಕ್ಕಳ ಐಸ್‌ಕ್ರೀಮು. ದಾರಿಯಲ್ಲಿ ಬ್ಯಾಟರಿ ಮಾತ್ರ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಪೆಟ್ರೋಲ್ ಬಂಕಿಗೆ ನುಗ್ಗಬಾರದು ಅಲ್ವಾ. ಸಮುದ್ರದ ಬದಿಯಲ್ಲಿ ನಿಲ್ಲಿಸಿದಾಗ ಹಿಂದಿನ ಒಂದು ಚಕ್ರ ಹೊಯಿಗೆಯಲ್ಲಿ ಹೂತಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗಾಳಿ ನಾಲ್ಕು ಸಲ ಬೆಂಕಿ ಆರಿಸಿತು. ಐದನೆಯ ಸಲ ಅಕ್ಕ ಬೆಡ್‌ಶೀಟ್ ಅಡ್ಡ ಹಿಡಿದು ನಿಂತಳು, ನಾನು ಸೀನು ತಡೆದುಕೊಂಡೆ, ಜ್ವಾಲೆ ನಿಂತಿತು. ನೀಲಿ!

ಮೂರು ಗಂಟೆ ಬಿಟ್ಟು ಬಾಗಿಲು ತೆರೆದರೆ ಒಳಗೆ ಹೊರಗಿನದ್ದೇ ಹವೆ. ಐಸ್‌ಕ್ರೀಮು ಪಾಯಸ ಆಗಿತ್ತು. ರಸಾಯನದಿಂದ ಗುಳ್ಳೆ ಏಳುತ್ತಿತ್ತು. ತನ್ನ ಕೆಲಸ ಸರಿಯಾಗಿ ಮಾಡಿದ್ದು ಮೊಸರು ಮಾತ್ರ. ಅಷ್ಟು ಹುಳಿ ಮೊಸರನ್ನು ನಾನು ಮನೆಯಲ್ಲೂ ಕಂಡಿಲ್ಲ.

ಭಾವ ದುಬೈಯ ಗೆಳೆಯನಿಗೆ ಫೋನ್ ಮಾಡಿದರು. ಮೂರು ಗಂಟೆ ಎಂದ ಕೂಡಲೇ ಆತ ನಕ್ಕದ್ದು ನನಗೂ ಕೇಳಿಸಿತು. ಹೊರಡುವ ಹಿಂದಿನ ರಾತ್ರಿಯೇ ಹೊತ್ತಿಸಬೇಕಂತೆ. ಸರಿ, ಮನೆಗೆ ಬಂದು ರಾತ್ರಿಯಿಡೀ ಉರಿಸಿದೆವು. ಬೆಳಿಗ್ಗೆ ನೋಡಿದರೆ ಹಿಂಬದಿ ಸುಡುತ್ತಿತ್ತು, ಒಳಗೆ ಮಾತ್ರ ಅದೇ ಕಥೆ.

ಅಷ್ಟರಲ್ಲಿ ಸುರಂಗದ ಅಜ್ಜ ಬಂದರು. ಸುರಂಗ ಅಂದರೆ ಗುಡ್ಡೆಗೆ ಅಡ್ಡಕ್ಕೆ ಕೊರೆದ ಬಾವಿ, ಒಸರುವ ನೀರು ಇಳಿಜಾರಿನಲ್ಲಿ ತಾನೇ ಹೊರಗೆ ಹರಿದು ಬರುತ್ತದೆ. ನಮ್ಮ ಗುಡ್ಡೆಯದ್ದನ್ನು ತೋಡಿದವರು ಅವರೇ. ಈಗ ವಯಸ್ಸಾಯಿತು, ವೀಳ್ಯ ಹಾಕಲು ಮಾತ್ರ ಬರುತ್ತಾರೆ. ವ್ಯಾನಿನ ಸುತ್ತ ಒಂದು ಸುತ್ತು ಹಾಕಿ, ಒಳಗೆ ಹತ್ತಿ, ನೆಲಕ್ಕೆ ಕೆನ್ನೆ ತಾಗಿಸಿ ಕಿಂಡಿ ನೋಡಿದರು. ಸುರಂಗದೊಳಗೆ ಮೇಣದ ಬತ್ತಿ ಮಂಕಾದರೆ ಗಾಳಿ ಸಾಲದು ಎಂದು ಹೊರಗೆ ಬರುವವರು ಅವರು. ಬೆಂಕಿಯ ಮುಖ ನೋಡಿದರೆ ಗೊತ್ತಾಗುತ್ತದೆ.

"ಬೆಂಕಿ ಲಾಯಿಕ್ ಉಂಟು. ಇದರಲ್ಲಿ ಪಂಪು ಉಂಟಾ?"

"ಇಲ್ಲ ಅಜ್ಜ. ಮೋಟಾರೂ ಇಲ್ಲ."

"ಮತ್ತೆ ಒಳಗೆ ಓಡುವುದು ಎಂತ?"

ಇಷ್ಟು ದಿನದಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಇವರೊಬ್ಬರೇ. ಭಾವನಿಗೆ ಉತ್ಸಾಹ ಬಂತು. ಒಳಗೆ ನೀರಿನಲ್ಲಿ ಅಮೋನಿಯಾ ಕರಗಿಸಿ ಇಟ್ಟಿದ್ದಾರೆ. ಬೆಂಕಿ ಅದನ್ನು ಕುದಿಸುತ್ತದೆ. ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ಹಿಂಬದಿಯ ರೆಕ್ಕೆಗಳಲ್ಲಿ ತಣಿದು ಹನಿಯಾಗಿ ಇಳಿಯುತ್ತದೆ. ಇಳಿದಲ್ಲಿ ಹೈಡ್ರೋಜನ್ ದಾರಿ ಕಾಯುತ್ತಿರುತ್ತದೆ. ಅದರ ಸಹವಾಸದಲ್ಲಿ ಮತ್ತೆ ಆವಿಯಾಗುವಾಗ ಮೊಸರಿನ ಬಿಸಿ ಎಳೆದುಕೊಳ್ಳುತ್ತದೆ. ಕೊನೆಗೆ ನೀರಿಗೆ ಸೇರಿ ಪುನಃ ಒಲೆಯ ಹತ್ತಿರ ಬರುತ್ತದೆ. 1922ರಲ್ಲಿ ಸ್ವೀಡನ್ನಿನ ಪ್ಲಾಟೆನ್, ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದದ್ದು. ಐನ್‌ಸ್ಟೈನ್ ಕೂಡ ಇಂಥದೇ ಒಂದು ಫ್ರಿಜ್ಜಿಗೆ ಪೇಟೆಂಟ್ ಮಾಡಿಸಿದ್ದರು...

ಅಜ್ಜನಿಗೆ ಐನ್‌ಸ್ಟೈನ್ ಬೇಡವಾಗಿತ್ತು. "ಅಂದರೆ ಇಳಿಜಾರಿನಲ್ಲಿ ತನ್ನಷ್ಟಕ್ಕೇ ಹರಿಯುವುದು. ಹಾಗಾದರೆ ಇದು ಸುರಂಗ ಮಾರಾಯ್ರೇ! ಓರೆಯಾಗಿ ನಿಲ್ಲಿಸಿದರೆ ಹರಿಯುತ್ತದಾ?"

ಭಾವ ಪುಸ್ತಕ ತಂದರು. ಆರನೇ ಪುಟದಲ್ಲಿ ಚಿತ್ರ ಸಮೇತ ಇತ್ತು. 3 ಡಿಗ್ರಿಗಿಂತ ಜಾಸ್ತಿ ವಾಲಬಾರದು.

ಇಲ್ಲಿ ಒಂದು ಮಾತು ಹೇಳಬೇಕು. ಕಾಸರಗೋಡಿನಲ್ಲಿ ಸಮತಟ್ಟು ಜಾಗ ಹುಡುಕುವುದು ಸುಲಭವಲ್ಲ. ಒಂದೋ ಗುಡ್ಡೆ, ಇಲ್ಲದಿದ್ದರೆ ಗುಡ್ಡೆಯ ಬುಡದ ತೋಟ. ಅಡಿಕೆ ಒಣಗಿಸುವ ಅಂಗಳ ಕಣ್ಣಿಗೆ ಚಪ್ಪಟೆ ಕಂಡರೂ, ಮಳೆನೀರು ಹೋಗಲಿ ಎಂದು ತೆಂಕು ಬದಿಗೆ ಇಳಿಸಿಯೇ ಕಟ್ಟಿರುತ್ತೇವೆ. ಹೀಗಿರುವ ಊರಿಗೆ ಭಾವ ಮರಳುಗಾಡಿನ ಫ್ರಿಜ್ಜು ತಂದಿದ್ದರು.

ಅಜ್ಜ ಅಮ್ಮನ ಹತ್ತಿರ ಒಂದು ಸಣ್ಣ ಸ್ಟೀಲ್ ತಟ್ಟೆ ಕೇಳಿದರು. ನೀರು ಹಾಕಿ ಫ್ರೀಜರಿನೊಳಗೆ ಇಟ್ಟರು. ನೀರೆಲ್ಲ ಒಂದು ಬದಿಗೆ ಸರಿದು ನಿಂತಿತು. ನಾನು ಚಕ್ರದ ಮುಂದೆ ಮುರಕಲ್ಲಿನ ಚಕ್ಕೆ ಇಟ್ಟೆ, ಭಾವ ವ್ಯಾನನ್ನು ಅದರ ಮೇಲೆ ಹತ್ತಿಸಿದರು, ಅಜ್ಜ ಒಳಗಿನಿಂದ "ಇನ್ನು ಒಂದು ಬೆರಳು, ಇನ್ನು ಅರ್ಧ" ಎಂದರು. ಒಂದು ಚಕ್ರಕ್ಕೆ ಕಲ್ಲು ಮುಗಿದಾಗ ಅಮ್ಮನ ಕಾಯಿ ಹೆರೆಯುವ ಮಣೆಯೂ ಹೋಯಿತು. ನೀರು ತಟ್ಟೆಯ ಸುತ್ತ ಸಮ ನಿಂತಾಗ ಅಜ್ಜ ವೀಳ್ಯ ಉಗಿದು ಮನೆಗೆ ಹೋದರು. ತಟ್ಟೆ ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಬೆಳಿಗ್ಗೆ ತಟ್ಟೆ ಫ್ರೀಜರಿಗೆ ಕಚ್ಚಿಕೊಂಡಿತ್ತು. ಒಳಗೆ ಗಾಜಿನಂಥ ಮಂಜುಗಡ್ಡೆ. ಅಮ್ಮ ಅದನ್ನು ಎರಡು ಸಲ ಮುಟ್ಟಿ ನೋಡಿದರು.

ಈಗ ವ್ಯಾನು ಎಲ್ಲಿಗೂ ಹೋಗುವುದಿಲ್ಲ. ಹೋದರೆ ಮಟ್ಟ ತಪ್ಪುತ್ತದೆ. ಅಡುಗೆಮನೆಯ ಫ್ರಿಜ್ಜಿನಲ್ಲಿ ಜಾಗ ಸಾಲದ ಮಜ್ಜಿಗೆ, ಹಲಸಿನ ಹಣ್ಣಿನ ತೊಳೆ ಎಲ್ಲ ಅಲ್ಲಿಗೆ. ಮೊನ್ನೆ ಅಮ್ಮ, ಅಡಿಕೆ ಹರಡಲು ಅಂಗಳ ಬೇಕಿತ್ತು, ಕಾಯಿ ಹೆರೆಯಲು ಮಣೆಯೂ ಬೇಕಿತ್ತು ಎಂದು ನನಗೆ ಹೇಳಿದರು, ಭಾವನಿಗೆ ಕೇಳುವಷ್ಟು ಗಟ್ಟಿಯಾಗಿ. ಭಾವ ಕೇಳಿಸದವರ ಹಾಗೆ ಹೊಸ ರಸಮಟ್ಟವನ್ನು ಪಂಚೆಯಲ್ಲಿ ಒರೆಸುತ್ತಿದ್ದರು.