ಎಡ್ವರ್ಡ್ ಜೆನ್ನರ್ ಕುರಿತ ಎರಡು ತಪ್ಪು ಹೇಳಿಕೆಗಳು: ಸ್ಪಷ್ಟನೆ

ಇಂಗ್ಲೆಂಡಿನ ಹಳ್ಳಿ ವೈದ್ಯ ಎಡ್ವರ್ಡ್ ಜೆನ್ನರ್ ಸಿಡುಬಿನ ಲಸಿಕೆಯನ್ನು ಮೊದಲು ಸ್ವಂತ ಮಗನ ಮೇಲೆಯೇ ಪ್ರಯೋಗಿಸಿದರು, ಕೊನೆಗೆ ಕಡುಬಡತನದಲ್ಲಿ ಸತ್ತರು ಎಂಬ ಸಂದೇಶವೊಂದು ವಾಟ್ಸಾಪಿನಲ್ಲಿ ಹರಿದಾಡುತ್ತಿದೆ. ಎರಡೂ ಸರಿಯಲ್ಲ.

1796ರ ಮೇ 14ರಂದು ಜೆನ್ನರ್, ಹಾಲು ಕರೆಯುತ್ತಿದ್ದ ಸಾರಾ ನೆಲ್ಮ್ಸ್ ಎಂಬಾಕೆಯ ಕೈಮೇಲಿನ ಗೋಸಿಡುಬಿನ (ಹಸುಗಳಿಂದ ತಗಲುವ, ಸಿಡುಬಿನಷ್ಟು ಅಪಾಯವಿಲ್ಲದ ರೋಗ) ಗುಳ್ಳೆಯಿಂದ ತೆಗೆದ ದ್ರವವನ್ನು ಹಾಕಿದ್ದು ತಮ್ಮ ತೋಟದ ಕೆಲಸಗಾರನ ಮಗ, ಎಂಟು ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿಗೆ. ಜುಲೈ 1ರಂದು ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನೇ ಚುಚ್ಚಿದಾಗಲೂ ಅವನಿಗೆ ರೋಗ ತಗುಲಲಿಲ್ಲ. (ಇಂದಿನ ನಿಯಮಗಳ ಪ್ರಕಾರ ಇಂಥ ಪರೀಕ್ಷೆಗೆ ಯಾರೂ ಅನುಮತಿ ಕೊಡಲಾರರು.) ಗೊಂದಲಕ್ಕೆ ಕಾರಣವಿಲ್ಲದಿಲ್ಲ: 1789ರಲ್ಲಿ ಹುಟ್ಟಿದ ಹಿರಿಯ ಮಗನಿಗೆ ಅವರು ಹಂದಿಸಿಡುಬು ಎಂದು ಆಗ ಕರೆಯುತ್ತಿದ್ದ ರೋಗದ ದ್ರವವನ್ನು ಚುಚ್ಚಿದ್ದುಂಟು. ಆದರೆ ಅದು ಬೇರೆಯೇ ಪ್ರಯೋಗ. ಆ ಮಗ 1810ರಲ್ಲಿ ತೀರಿಕೊಂಡದ್ದು ಕ್ಷಯದಿಂದ, ಲಸಿಕೆಯಿಂದಲ್ಲ.

ಬಡತನದ ಮಾತಿಗಂತೂ ಆಧಾರವೇ ಇಲ್ಲ. ಬ್ರಿಟಿಷ್ ಸಂಸತ್ತು ಅವರಿಗೆ 1802ರಲ್ಲಿ 10,000 ಪೌಂಡ್, 1807ರಲ್ಲಿ ಇನ್ನೂ 20,000 ಪೌಂಡ್ ಮಂಜೂರು ಮಾಡಿತ್ತು. ಅಷ್ಟಾದರೂ ಲಂಡನ್ನಿನಲ್ಲಿ ನೆಲೆಸದೆ, ಗ್ಲಾಸ್ಟರ್‌ಷೈರ್‌ನ ತಮ್ಮೂರು ಬರ್ಕ್ಲಿಯಲ್ಲೇ ಉಳಿದು, ಮನೆಯ ತೋಟದ ಗುಡಿಸಲೊಂದರಲ್ಲಿ ಬಡವರಿಗೆ ಹಣ ಪಡೆಯದೆ, ನಮ್ಮ ಹಿರಿಯರು ದಾಕು ಎನ್ನುತ್ತಿದ್ದ ಆ ಲಸಿಕೆಯನ್ನು ಹಾಕುತ್ತಿದ್ದರು. ಪಾರ್ಶ್ವವಾಯು ಬಡಿದ ಮರುದಿನ, 1823ರ ಜನವರಿ 26ರಂದು, ಅಲ್ಲಿಯೇ ನಿಧನರಾದರು.