ಗೂಢಚಾರನ ಬೆನ್ನ ಮೇಲಿನ ಜಿಪ್

ನಡುರಾತ್ರಿ. ನೀರಿನಿಂದ ಮೇಲೆದ್ದು ಬಂದ ಗೂಢಚಾರ ಮೈಗಂಟಿದ ರಬ್ಬರ್ ಉಡುಪನ್ನು ಸರ್ರನೆ ಬಿಚ್ಚುತ್ತಾನೆ. ಒಳಗೆ ಇಸ್ತ್ರಿ ಕೆಡದ ಬಿಳಿ ಕೋಟು. ಎದೆಗೊಂದು ಕೆಂಪು ಹೂ ಸಿಕ್ಕಿಸಿಕೊಂಡು, ಏನೂ ಆಗದವನಂತೆ ಹೊರಟೇಬಿಡುತ್ತಾನೆ. ಜೇಮ್ಸ್ ಬಾಂಡ್ ಎಂಬ ಗೂಢಚಾರನ 1964ರ ‘ಗೋಲ್ಡ್‌ಫಿಂಗರ್’ ಚಿತ್ರ ಶುರುವಾಗುವುದು ಹೀಗೆ. ಪ್ರೇಕ್ಷಕರು ಕೋಟು ನೋಡಿ ಬೆರಗಾಗುತ್ತಾರೆ. ಗೂಢಚಾರರ ಅಣಕು ಚಿತ್ರ ಮಾಡುವವರ ಕಣ್ಣು ಮಾತ್ರ ಜಿಪ್ಪಿನ ಮೇಲಿರುತ್ತದೆ.

ಇಂಥ ಉಡುಪಿನಲ್ಲಿ ಎರಡು ಜಾತಿ. ವೆಟ್‌ಸೂಟ್ ಆದರೆ ಒಳಗೆ ನೀರು ಬಂದೇ ಬರುತ್ತದೆ, ಕೋಟಿನ ಕಥೆ ಅಲ್ಲಿಗೇ ಮುಗಿಯಿತು. ಕೋಟು ಒಣಗಿರಬೇಕಾದರೆ ಡ್ರೈಸೂಟ್ ಬೇಕು. ಅದರ ಕುತ್ತಿಗೆಗೂ ಮಣಿಕಟ್ಟಿಗೂ ಬಿಗಿಯಾದ ರಬ್ಬರ್ ಪಟ್ಟಿ ಇರುತ್ತದೆ. ಜಿಪ್ಪು ಎಷ್ಟೋ ಮಾದರಿಗಳಲ್ಲಿ ಬೆನ್ನ ಮೇಲೆ, ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಅಡ್ಡಲಾಗಿ ಹೋಗಿರುತ್ತದೆ. ಹಾಕಿಕೊಂಡವನ ಕೈಗೆ ಅದು ಎಟುಕುವುದಿಲ್ಲ. ಹೊರಡುವಾಗ ಯಾರೋ ಎಳೆದು ಮುಚ್ಚಿ ಕಳಿಸಿರುತ್ತಾರೆ, ಸರಿ. ಶತ್ರುವಿನ ದಡದಲ್ಲಿ ಬಿಚ್ಚುವವರು ಯಾರು?

ಅಲ್ಲಿರುವವನು ಕಾವಲುಗಾರ ಒಬ್ಬನೇ. “ಅಣ್ಣಾ, ಹಿಂದಿನಿಂದ ಸ್ವಲ್ಪ ಎಳೀತೀರಾ?” ಎಂದು ಅವನನ್ನೇ ಕೇಳಬೇಕು. ಲೋಹದ ಹಲ್ಲಿನ ಈ ಜಿಪ್ಪಿಗೆ ಆಗಾಗ ಮೇಣ ಉಜ್ಜದಿದ್ದರೆ ನಡುದಾರಿಯಲ್ಲಿ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಜಿಪ್ಪನ್ನು ಒಂದೇ ಕೈಯಲ್ಲಿ ಜಗ್ಗಿದರೆ ಬಟ್ಟೆಯೂ ಜೊತೆಗೆ ಬರುತ್ತದೆಯೇ ಹೊರತು ಜಿಪ್ಪು ಸರಿಯುವುದಿಲ್ಲ. ಒಂದು ಕೈ ಬಟ್ಟೆ ಬಿಗಿ ಹಿಡಿಯಬೇಕು, ಇನ್ನೊಂದು ಕೈ ಎಳೆಯಬೇಕು. ಎರಡೂ ಕೈ ಖಾಲಿ ಇರಬೇಕಾದರೆ ಕಾವಲುಗಾರ ಬಂದೂಕು ಕೆಳಗಿಡಲೇಬೇಕು. ನೋಡಿ, ಹೊಡೆದಾಟವಿಲ್ಲದೆ ಶತ್ರು ನಿರಾಯುಧನಾದ. ಅದೂ ಪರೋಪಕಾರ ಮಾಡಲು ಹೋಗಿ!

ಈ ಬಗೆಯ ಚಿತ್ರಗಳ ಗುಟ್ಟೆಲ್ಲ ಇಷ್ಟರಲ್ಲೇ ಇದೆ. ಗಂಭೀರ ಗೂಢಚಾರ ಚಿತ್ರ ಎಲ್ಲಿ ದೃಶ್ಯ ಕತ್ತರಿಸುತ್ತದೋ, ಅಣಕು ಚಿತ್ರ ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿ ನಿಲ್ಲುತ್ತದೆ. ಆ ಒಂದು ಹೆಜ್ಜೆಯಲ್ಲಿ ನಮ್ಮೆಲ್ಲರ ಮನೆಯ ಪಡಿಪಾಟಲು ಕಾದು ಕೂತಿರುತ್ತದೆ.

ಬೆರಳಚ್ಚಿನ ಬೀಗವನ್ನೇ ತೆಗೆದುಕೊಳ್ಳಿ. ಪಾತ್ರೆ ತೊಳೆದ ಕೈಯಲ್ಲಿ ಫೋನ್ ಮುಟ್ಟಿದರೆ ಅದು ಮಾಲೀಕರನ್ನೇ ಗುರುತಿಸುವುದಿಲ್ಲ. ಬೆರಳಿನ ಗೆರೆಗಳ ನಡುವಿನ ಸಂದಿಯಲ್ಲಿ ನೀರು ನಿಂತರೆ ಏರು ತಗ್ಗು ಎಲ್ಲ ಒಂದೇ ಸಮನಾಗಿ, ಸೆನ್ಸರಿಗೆ ಗೆರೆಯೇ ಕಾಣುವುದಿಲ್ಲ. ಇನ್ನು ಗೂಢಚಾರ ಸದಾ ಹಾಕಿಕೊಳ್ಳುವ ಚರ್ಮದ ಗ್ಲೌಸ್. ಈಗಿನ ಟಚ್ ಪರದೆ ಕೆಲಸ ಮಾಡುವುದು ಬೆರಳು ವಿದ್ಯುತ್ತನ್ನು ಸ್ವಲ್ಪ ಎಳೆದುಕೊಳ್ಳುವುದರಿಂದ. ನಡುವೆ ದಪ್ಪ ಚರ್ಮ ಬಂದರೆ ಪರದೆಗೆ ಯಾರೂ ಮುಟ್ಟಿದಂತೆಯೇ ಅನ್ನಿಸುವುದಿಲ್ಲ. ಹಾಕಿಕೊಂಡರೆ ಬಾಂಬಿನ ಪಾಸ್‌ವರ್ಡ್ ಒತ್ತಲಾಗದು, ಬಿಚ್ಚಿದರೆ ಬೆರಳಚ್ಚು ಉಳಿದೀತು. ಉಳಿದಿರುವ ಒಂದೇ ಅಂಗ ಮೂಗು. ಮೂಗಿನಲ್ಲಿ ಒತ್ತಿದರೆ ಪರದೆ ಕೇಳುತ್ತದೆ, ಇದು ಪರೀಕ್ಷಿತ ಸತ್ಯ. ಆದರೆ ಮೂಗು ಐದನ್ನು ಒತ್ತಲು ಹೋದಾಗ ಎಂಟಕ್ಕೂ ತಗಲುತ್ತದೆ, ಮೂರು ಸಲ ತಪ್ಪಾದರೆ ಬೀಗ ಮುನಿಸಿಕೊಳ್ಳುತ್ತದೆ. ಬಾಂಬಿನ ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ.

ಸೈಲೆನ್ಸರ್ ಬಗ್ಗೆ ಚಿತ್ರಗಳು ಹೇಳಿದಷ್ಟು ಸುಳ್ಳು ಇನ್ಯಾವುದರ ಬಗ್ಗೆಯೂ ಹೇಳಿಲ್ಲ. ಪಿಸ್ತೂಲಿನ ಸದ್ದು ಸುಮಾರು 160 ಡೆಸಿಬೆಲ್. ಸೈಲೆನ್ಸರ್ ಅದರಲ್ಲಿ 20ರಿಂದ 35ರಷ್ಟು ಇಳಿಸಬಹುದು. ಉಳಿದದ್ದು ಮರ ಕೊಯ್ಯುವ ಯಂತ್ರದ ಅಬ್ಬರಕ್ಕಿಂತಲೂ ಜೋರು. ಸಾಲದ್ದಕ್ಕೆ, ಗುಂಡಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ದಾಟಿದರೆ, ಅಂದರೆ ಶಬ್ದದ ವೇಗ ಮೀರಿದರೆ, ಗಾಳಿಯಲ್ಲಿ ಇನ್ನೊಂದು ಛಟಾರ್ ಕೇಳಿಸುತ್ತದೆ. ಕೊಳವೆಯ ತುದಿಗೆ ಏನು ಸಿಕ್ಕಿಸಿದರೂ ಅದು ನಿಲ್ಲದು. ಪರದೆಯ ಮೇಲೆ ಕೇಳುವ ‘ಫುಟ್’ ಎಂಬ ಸದ್ದು ಹುಟ್ಟುವುದು ಡಬ್ಬಿಂಗ್ ಕೋಣೆಯಲ್ಲಿ. ಆದ್ದರಿಂದ ಒಂದು ಒಳ್ಳೆಯ ಅಣಕು ದೃಶ್ಯಕ್ಕೆ ಹೊಸದಾಗಿ ಏನನ್ನೂ ಕಲ್ಪಿಸಬೇಕಾಗಿಲ್ಲ. ನಾಯಕ ಅರ್ಧ ನಿಮಿಷ ತಾಳ್ಮೆಯಿಂದ ಸೈಲೆನ್ಸರ್ ತಿರುಗಿಸಿ ಕೂರಿಸಲಿ, ಗುಂಡು ಹಾರಿಸಲಿ, ಇಡೀ ಕಟ್ಟಡದ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳಲಿ.

ಕರವಸ್ತ್ರಕ್ಕೆ ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದೊಡನೆ ಮನುಷ್ಯ ಕುಸಿಯುವುದೂ ಇದೇ ಜಾತಿಯ ಸುಳ್ಳು. ನಿಜದಲ್ಲಿ ಅದಕ್ಕೆ ನಿಮಿಷಗಳೇ ಬೇಕು. ಅಷ್ಟು ಹೊತ್ತು ಒಬ್ಬನ ಬೆನ್ನಿಗೆ ಇನ್ನೊಬ್ಬ ಅಂಟಿ ನಿಂತರೆ ಕೊನೆಗೆ ಮಾತು ಶುರುವಾಗಲೇಬೇಕಲ್ಲ? “ಮನೆಯಲ್ಲಿ ಎಲ್ಲ ಹೇಗಿದ್ದಾರೆ” ಎಂಬಲ್ಲಿಂದ ಹೊರಟು ಸಂಬಳ, ಸೊಂಟನೋವು ಎಲ್ಲ ಬಂದುಹೋಗುವಷ್ಟು ಸಮಯ ಅದು.

ಎಲ್ಲಕ್ಕಿಂತ ಸಮೃದ್ಧವಾದ ಗಣಿಯೆಂದರೆ ಹವಾನಿಯಂತ್ರಣದ ಕೊಳವೆ. ಪ್ರತಿ ಗೂಢಚಾರನೂ ಒಮ್ಮೆ ಅದರೊಳಗೆ ತೆವಳಲೇಬೇಕೆಂಬ ಅಲಿಖಿತ ಶಾಸನವಿದೆ. ಆ ಕೊಳವೆಯ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ತೂಗುಹಾಕಿದ ಪಟ್ಟಿಗಳು ಹೊರಲು ಲೆಕ್ಕ ಹಾಕಿರುವುದು ತಗಡಿನ ಭಾರವನ್ನೇ ಹೊರತು ಟೈ ಕಟ್ಟಿದ ಎಂಬತ್ತು ಕಿಲೋ ಮನುಷ್ಯನದ್ದಲ್ಲ. ತಗಡು ಜೋಡಿಸಿದ ಸ್ಕ್ರೂಗಳ ಚೂಪು ತುದಿ ಒಳಗಡೆಗೇ ಚಾಚಿಕೊಂಡಿರುತ್ತದೆ. ಎರಡು ಮೊಳ ತೆವಳುವಷ್ಟರಲ್ಲಿ ಕೋಟು ಜಾಲರಿಯಾಗುತ್ತದೆ. ಮೊಣಕಾಲು ಊರಿದಲ್ಲಿ ತಗಡು ತಗ್ಗಿ ‘ಢಬ್’ ಎನ್ನುತ್ತದೆ, ಎತ್ತಿದಾಗ ಮತ್ತೆ ಉಬ್ಬಿ ‘ಢುಬ್’ ಎನ್ನುತ್ತದೆ. ಕೆಳಗೆ ಖಳನಾಯಕನ ಸಭೆ ನಡೆಯುತ್ತಿದ್ದರೆ ಮೇಲಿನಿಂದ ನಗಾರಿ ಬಾರಿಸಿಕೊಂಡು ಹೋದಂತೆ ಕೇಳುತ್ತದೆ. ಮುಂದೆ ಗಾಳಿ ತಡೆಯುವ ತಗಡಿನ ರೆಕ್ಕೆಗಳು ದಾರಿಗೆ ಅಡ್ಡ ನಿಂತಿರುತ್ತವೆ. ಹಿಂದಕ್ಕೆ ತಿರುಗಲು ಜಾಗವಿಲ್ಲ. ಒಳಗಿನ ಧೂಳು ಎಷ್ಟೋ ವರ್ಷದ್ದು, ಸೀನು ಬಾರದೆ ಇದ್ದೀತೆ?

ಇಷ್ಟು ಸಾಮಗ್ರಿ ಕೈಯಲ್ಲಿದ್ದರೂ ಚಿತ್ರ ನಗಿಸದೆ ಹೋಗುವುದುಂಟು. ನಟ ತನ್ನ ಪೇಚಾಟವನ್ನು ತಾನೇ ಆನಂದಿಸುತ್ತಿದ್ದರೆ ಕೆಲಸ ಕೆಟ್ಟಿತು. ಜಿಪ್ಪು ಕಚ್ಚಿಕೊಂಡವನಿಗೆ ಅದು ತಮಾಷೆಯಲ್ಲ, ಅವಮಾನ. ಸೋಫಾ ಮೇಲೆ ಕೂತಾಗ ಹೂಸು ಬಿಟ್ಟಂಥ ಸದ್ದು ಬಂದರೆ ಅವನ ಮುಖದ ಒಂದು ಸ್ನಾಯುವೂ ಕದಲಬಾರದು. ಡೇವಿಡ್ ಜ್ಯೂಕರ್, ಜೆರ್ರಿ ಜ್ಯೂಕರ್, ಜಿಮ್ ಏಬ್ರಹಾಮ್ಸ್ ಎಂಬ ಮೂವರು ನಿರ್ದೇಶಕರು, ಗಂಭೀರ ಪಾತ್ರಗಳಿಗೇ ಹೆಸರಾದ ನಟರನ್ನು ಕರೆತಂದು ಹುಚ್ಚು ಸಂಭಾಷಣೆ ಹೇಳಿಸಿದ್ದು ಇದಕ್ಕೇ. ಅವರದೇ 1984ರ ‘ಟಾಪ್ ಸೀಕ್ರೆಟ್’ನಲ್ಲಿ ಕ್ಯಾಮೆರಾ ಮುಂದೆಯೇ ಒಂದು ಟೆಲಿಫೋನ್ ದೊಡ್ಡದಾಗಿ ಕಾಣುತ್ತದೆ, ದೂರದಲ್ಲಿ ಅಧಿಕಾರಿ ಚಿಕ್ಕದಾಗಿ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂದು ನಮ್ಮ ಕಣ್ಣು ತಾನಾಗಿಯೇ ಲೆಕ್ಕ ಹಾಕಿ ಮುಗಿಸಿರುತ್ತದೆ. ಫೋನ್ ಹೊಡೆದುಕೊಳ್ಳುತ್ತದೆ, ಅಧಿಕಾರಿ ನಡೆದು ಬಂದು ರಿಸೀವರ್ ಎತ್ತುತ್ತಾನೆ. ಅದು ನಿಜಕ್ಕೂ ಅಷ್ಟೇ ದೊಡ್ಡದು! ಅವನ ಮುಖದಲ್ಲಿ ಯಾವ ಆಶ್ಚರ್ಯವೂ ಇಲ್ಲ. ಆಶ್ಚರ್ಯಪಟ್ಟಿದ್ದರೆ ಆ ದೈತ್ಯ ಫೋನ್ ತಯಾರಿಸಿದವರ ಶ್ರಮ ನೀರುಪಾಲಾಗುತ್ತಿತ್ತು.

ಸಮಯದ ಲೆಕ್ಕ ಇನ್ನೂ ಕಷ್ಟದ್ದು. ಮೈಕ್ ಮೈಯರ್ಸ್ ನಟಿಸಿದ 1997ರ ‘ಆಸ್ಟಿನ್ ಪವರ್ಸ್’ನಲ್ಲಿ ರಸ್ತೆ ಹದಮಾಡುವ ರೋಡ್ ರೋಲರ್ ಆಮೆಯಂತೆ ಬರುತ್ತಿರುತ್ತದೆ. ಕಾವಲುಗಾರ ಅಷ್ಟು ದೂರದಲ್ಲಿ ನಿಂತು ಬೇಡ ಬೇಡವೆಂದು ಕಿರುಚುತ್ತಲೇ ಇರುತ್ತಾನೆ, ಪಕ್ಕಕ್ಕೆ ಮಾತ್ರ ಸರಿಯುವುದಿಲ್ಲ. ಎರಡು ಸೆಕೆಂಡಿಗೆ ಕತ್ತರಿಸಿದ್ದರೆ ಅದು ಅಪಘಾತದ ದೃಶ್ಯವಾಗುತ್ತಿತ್ತು. ನಗು ಬಂದು, ನಿಂತು, ‘ಇನ್ನೂ ಮುಗಿದಿಲ್ಲವೇ’ ಎನ್ನಿಸುವವರೆಗೆ ಎಳೆದು, ಆಮೇಲೂ ಎಳೆದಾಗ ಎರಡನೆಯ ನಗು ಬರುತ್ತದೆ. ಅದು ಮೊದಲನೆಯದಕ್ಕಿಂತ ದೊಡ್ಡದು. ಬೀಳುವ ದೃಶ್ಯವನ್ನು ಹತ್ತಿರದಿಂದ ತೆಗೆದರೂ ಇದೇ ನಷ್ಟ. ತಲೆಯಿಂದ ಕಾಲಿನವರೆಗೆ ಮನುಷ್ಯನೂ, ಅವನು ಜಾರಲಿರುವ ನೆಲವೂ ಒಂದೇ ಚೌಕಟ್ಟಿನಲ್ಲಿರಬೇಕು. ನಮಗೆ ಮೊದಲೇ ಕಂಡ ಬಾಳೆಹಣ್ಣಿನ ಸಿಪ್ಪೆ ಅವನಿಗೆ ಕಾಣಬಾರದು.

ಗದ್ದಲವೊಂದನ್ನೇ ನೆಚ್ಚಿಕೊಂಡರೆ ಏನಾಗುತ್ತದೆಂಬುದಕ್ಕೆ 1967ರ ಬಾಂಡ್ ಅಣಕು ಚಿತ್ರ ‘ಕ್ಯಾಸಿನೋ ರಾಯಲ್’ ಇದೆ. ಐವರು ನಿರ್ದೇಶಕರ ಹೆಸರು, ತಾರೆಯರ ದಂಡು. ಇದ್ದದ್ದೆಲ್ಲ ಇತ್ತು, ಮುಂದಿನ ದೃಶ್ಯಕ್ಕೆ ಹಿಂದಿನ ದೃಶ್ಯದ ಪರಿಚಯವೊಂದು ಇರಲಿಲ್ಲ. ಅದಕ್ಕಿಂತ ಎರಡು ವರ್ಷ ಮೊದಲೇ ಮೆಲ್ ಬ್ರೂಕ್ಸ್, ಬಕ್ ಹೆನ್ರಿ ಇಬ್ಬರೂ ಟಿವಿಗೆಂದು ಹುಟ್ಟುಹಾಕಿದ ‘ಗೆಟ್ ಸ್ಮಾರ್ಟ್’ ಬಹಳ ಕಡಿಮೆ ಖರ್ಚಿನಲ್ಲಿ ಗೆದ್ದಿತ್ತು. ಅದರ ನಾಯಕನ ಫೋನ್ ಇದ್ದದ್ದು ಬೂಟಿನಲ್ಲಿ. ಕರೆ ಬಂದರೆ ಬೂಟು ಬಿಚ್ಚಿ ಕಿವಿಗೆ ಹಿಡಿಯಬೇಕು, ಉಳಿದ ಜಗತ್ತು ಅವನ ಕಾಲುಚೀಲ ನೋಡುತ್ತ ಕೂರಬೇಕು. ಗುಟ್ಟು ಮಾತನಾಡಲೆಂದು ತಲೆಯ ಮೇಲಿನಿಂದ ಇಳಿಯುವ ಪಾರದರ್ಶಕ ಗೂಡೊಂದಿತ್ತು. ಅದರೊಳಗೆ ಕೂತ ಇಬ್ಬರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದು, ಹೊರಗೆ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ವಿಡಿಯೋ ಕಾಲ್ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಣಕು ಬರೆಯುವವರಿಗೆ ಒಂದೇ ಅಳಲು: ಅಸಲಿ ಗೂಢಚಾರರು ಅವರಿಗಿಂತ ಮುಂದಿದ್ದಾರೆ. ಅಮೆರಿಕದ ಸೆನೆಟ್ ಸಮಿತಿ 1975ರಲ್ಲಿ ಹೊರಗೆಡಹಿದ ವರದಿಯ ಪ್ರಕಾರ, ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋ ವರ್ಚಸ್ಸು ಕುಗ್ಗಿಸಲು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಮಂದಿ ಅವರ ಗಡ್ಡ ಉದುರಿಸುವ ಯೋಜನೆ ಹಾಕಿದ್ದರು. ಪಾಲಿಶ್ ಮಾಡಲೆಂದು ಹೊರಗಿಟ್ಟ ಬೂಟಿನೊಳಗೆ, ಮೈಗೆ ತಾಗಿದರೆ ಕೂದಲು ಉದುರಿಸುವ ಥ್ಯಾಲಿಯಂ ಪುಡಿ ಹಾಕುವುದು ಉಪಾಯ. ಅದೇ ಸಂಸ್ಥೆ 1960ರ ದಶಕದಲ್ಲಿ ಬೆಕ್ಕೊಂದರ ಮೈಯೊಳಗೆ ಶಸ್ತ್ರಚಿಕಿತ್ಸೆ ಮಾಡಿ ಮೈಕ್ರೊಫೋನ್ ಹುದುಗಿಸಿ, ಶತ್ರುಗಳ ಮಾತು ಕದ್ದು ಕೇಳಲು ಬಿಡುವ ಪ್ರಯೋಗಕ್ಕೂ ಇಳಿದಿತ್ತು. ಮೈಕು, ತಂತಿ, ಬ್ಯಾಟರಿ ಎಲ್ಲವೂ ಇದ್ದವು. 1967ರಲ್ಲಿ ಯೋಜನೆ ಕೈಬಿಟ್ಟರು. ಬೆಕ್ಕಿಗೆ ತರಬೇತಿ ಕೊಡಬಹುದು, ಆದರೆ ಅದು ಕೆಲಸಕ್ಕೆ ಬರುವಂಥದ್ದಲ್ಲ ಎಂಬರ್ಥದ ಷರಾ ಕಡತದಲ್ಲಿದೆ. ಹಸಿವಾದೊಡನೆ ಅದು ದೇಶದ ಭದ್ರತೆಯನ್ನು ಅಲ್ಲೇ ಬಿಟ್ಟು ಊಟ ಹುಡುಕಿಕೊಂಡು ಹೊರಟುಬಿಡುತ್ತಿತ್ತು.