ಹೊಸ ಆರ್ಗನ್‌ನ ಮೊದಲ ಕಛೇರಿ

ಸಂಗೀತ ಸಭಾಂಗಣವೊಂದಕ್ಕೆ ಹೊಸ ಪೈಪ್ ಆರ್ಗನ್, ಅಂದರೆ ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ಬೃಹತ್ ವಾದ್ಯ, ಬಂದಾಗ ಉದ್ಘಾಟನಾ ಕಛೇರಿಗೆ ಫ್ರೆಂಚ್ ಸಂಯೋಜಕ ಸ್ಯಾಂ-ಸಾನ್ಸ್ ಅವರ ಮೂರನೆಯ ಸಿಂಫನಿಯನ್ನು (ವಾದ್ಯವೃಂದದ ದೀರ್ಘ ಕೃತಿ) ಆರಿಸುವುದು ಹೆಚ್ಚುಕಡಿಮೆ ರೂಢಿಯೇ ಆಗಿದೆ. 1886ರಲ್ಲಿ ಲಂಡನ್ನಿನಲ್ಲಿ ಮೊದಲ ಪ್ರದರ್ಶನ ಕಂಡ ಈ ಕೃತಿ ನನಗೂ ಅತ್ಯಂತ ಪ್ರಿಯವಾದದ್ದು. ಆದರೆ ಕೊನೆಯ ಭಾಗದಲ್ಲಿ ಆರ್ಗನ್ ಒಮ್ಮೆಲೇ ಮೊಳಗುವ ಸಿ ಮೇಜರ್ ಸ್ವರಮೇಳಕ್ಕಾಗಿ ಕಾದು ಕೂರುವ ಶ್ರೋತೃಗಳಲ್ಲಿ ಅನೇಕರು, ಆ ವಾದ್ಯ ಅದಕ್ಕೂ ಬಹಳ ಮೊದಲೇ, ನಿಧಾನಗತಿಯ ಭಾಗದಲ್ಲಿ, ತಂತಿವಾದ್ಯಗಳಿಗೆ ಆಸರೆಯಾಗಿ ಕೇಳಿಯೂ ಕೇಳಿಸದಷ್ಟು ಮೆಲ್ಲಗೆ ಪ್ರವೇಶಿಸಿರುವುದನ್ನು ಗಮನಿಸಿರುವುದಿಲ್ಲ. ಸಂಯೋಜಕರು ಮೊದಲು ಕೇಳಿಸಿದ್ದು ಆ ಮೃದುನಾದವನ್ನೇ ಎಂಬುದನ್ನು ಕಾರ್ಯಕ್ರಮ ರೂಪಿಸುವವರು ಗಂಭೀರವಾಗಿ ಪರಿಗಣಿಸಬೇಕು.

ಕೊಳವೆಗಳನ್ನು ಜೋಡಿಸಿ ಗಾಳಿ ತುಂಬಿದ ಮಾತ್ರಕ್ಕೆ ಆರ್ಗನ್ ಸಿದ್ಧವಾಗುವುದಿಲ್ಲ. ಕುಶಲಕರ್ಮಿಗಳು ಒಂದೊಂದೇ ಕೊಳವೆಯನ್ನು ಆಲಿಸಿ, ಅದರ ಬಾಯಿಯನ್ನೋ ಒಳಗಿನ ನಾಲಗೆಯನ್ನೋ ಕೂದಲೆಳೆಯಷ್ಟು ತಿದ್ದಿ, ಆ ಸಭಾಂಗಣಕ್ಕೆ ಒಪ್ಪುವ ದನಿಯನ್ನು ಹದಗೊಳಿಸುತ್ತಾರೆ. ಸುತ್ತ ಪೂರ್ಣ ನಿಶ್ಶಬ್ದವಿಲ್ಲದೆ ಈ ಕೆಲಸ ಸಾಗದು. ಲಾಸ್ ಏಂಜಲೀಸ್‌ನ ವಾಲ್ಟ್ ಡಿಸ್ನಿ ಸಭಾಂಗಣ 2003ರಲ್ಲಿ ತೆರೆದರೂ ಅದರ 6,134 ಕೊಳವೆಗಳ ಆರ್ಗನ್ ಉದ್ಘಾಟನೆಯಾದದ್ದು 2004ರಲ್ಲಿ. ಸಿಡ್ನಿಯ ಒಪೆರಾ ಹೌಸ್ 1973ರಲ್ಲೇ ತೆರೆದಿದ್ದರೂ ಹತ್ತು ಸಾವಿರಕ್ಕೂ ಹೆಚ್ಚು ಕೊಳವೆಗಳ ಅಲ್ಲಿನ ಆರ್ಗನ್ ಪೂರ್ಣಗೊಂಡದ್ದು 1979ರಲ್ಲಿ. ಇಂತಹ ವಿಳಂಬವನ್ನು ಆಕ್ಷೇಪಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇಷ್ಟು ತಾಳ್ಮೆಯಿಂದ ಹದಗೊಳಿಸಿದ ದನಿಗಳನ್ನು ಮೊದಲ ಸಂಜೆಯೇ ಪೂರ್ಣ ವಾದ್ಯವೃಂದದಡಿ ಹೂತುಬಿಡುವುದು ನ್ಯಾಯವಲ್ಲ. ಕೊಳಲಿನಂತಹ ಸ್ಟಾಪ್‌ಗಳು (ಒಂದೊಂದು ಬಗೆಯ ದನಿ ಕೊಡುವ ಕೊಳವೆಗಳ ಸಾಲುಗಳು), ತಂತಿವಾದ್ಯದ ಛಾಯೆಯವು, ನಾಲಗೆಯುಳ್ಳ ಕೊಳವೆಗಳು, ಸೆಕೆಂಡಿಗೆ ಸುಮಾರು 16 ಬಾರಿ ಮಾತ್ರ ಕಂಪಿಸಿ ಕಿವಿಗಿಂತ ಮೈಗೇ ಹೆಚ್ಚು ತಿಳಿಯುವ 32 ಅಡಿಯ ಕೊಳವೆಯ ಮಂದ್ರ, ಇವೆಲ್ಲ ಬಿಡಿಬಿಡಿಯಾಗಿ ಕೇಳಿಸಿದರಷ್ಟೇ ಶ್ರೋತೃವಿಗೆ ಆ ವಾದ್ಯದ ನಿಜವಾದ ಪರಿಚಯವಾಗುತ್ತದೆ. ಡಿಸ್ನಿ ಸಭಾಂಗಣದ ಆರ್ಗನ್‌ಗೆ ಆರ್ಗನ್ ವಾದಕ ಫ್ರೆಡರಿಕ್ ಸ್ವಾನ್ ಅವರ ಏಕವ್ಯಕ್ತಿ ಕಛೇರಿಯಿಂದ ಉದ್ಘಾಟನೆ ದೊರೆತದ್ದು ನನ್ನ ದೃಷ್ಟಿಯಲ್ಲಿ ಅತ್ಯಂತ ಸೂಕ್ತವಾದ ಕ್ರಮ.

ವಾದ್ಯವೃಂದ ಬೇಡವೆಂದು ನಾನು ಹೇಳುತ್ತಿಲ್ಲ. ಅದರೊಡನೆ ನುಡಿಸುವುದಾದರೆ ಆ ಆರ್ಗನ್‌ಗಾಗಿಯೇ ಹೊಸ ಕೃತಿಯೊಂದನ್ನು ಬರೆಸಲಿ. ಅಮೆರಿಕದ ಫಿಲಡೆಲ್ಫಿಯಾದ ಅಕಾಡೆಮಿ ಆಫ್ ಮ್ಯೂಸಿಕ್ ಎಂಬ ಸಭಾಂಗಣಕ್ಕೆ 1960ರಲ್ಲಿ ಹೊಸ ಆರ್ಗನ್ ಬಂದಾಗ ಸಂಯೋಜಕ ಸ್ಯಾಮ್ಯುಯೆಲ್ ಬಾರ್ಬರ್ ರಚಿಸಿದ ‘ಟೊಕಾಟಾ ಫೆಸ್ಟಿವಾ’ದಲ್ಲಿ ವಾದ್ಯವೃಂದವೆಲ್ಲ ಸುಮ್ಮನಾಗಿ, ವಾದಕರು ಕೇವಲ ಕಾಲುಗಳಿಂದ ಪೆಡಲ್‌ಗಳ ಮೇಲೆ ನುಡಿಸುವ ದೀರ್ಘ ಭಾಗವೊಂದಿದೆ. ಅದೇ ನಗರದ ಕಿಮೆಲ್ ಸೆಂಟರ್ ಎಂಬ ಕಲಾಕೇಂದ್ರದಲ್ಲಿ 2006ರಲ್ಲಿ ಅಲ್ಲಿನ ಆರ್ಗನ್ ಉದ್ಘಾಟನೆಗೆ ಸಂಯೋಜಕ ಜೆರಾಲ್ಡ್ ಲೆವಿನ್ಸನ್ ಅವರ ಹೊಸ ಕೃತಿಯನ್ನು ನುಡಿಸಲಾಯಿತು. ಮುಂದೆ ಇಂತಹ ಕೃತಿ ಬರೆಸುವವರು ಸಂಯೋಜಕರನ್ನು ಮೊದಲೇ ಸಭಾಂಗಣಕ್ಕೆ ಕರೆಸಿ, ಅತಿ ಮೃದುವಾದ ಸ್ಟಾಪ್‌ಗಳನ್ನೂ ಕೇಳಿಸಿ, ಆನಂತರವೇ ಬರೆಯಲು ತೊಡಗುವಂತೆ ಏರ್ಪಾಡು ಮಾಡಬೇಕೆಂಬುದು ನನ್ನ ಒತ್ತಾಯ.